ಕೊಳೆ ಹೋಯ್ತಾ?

ಬೀಗರಾಗುವವರು ಸೋಫಾದಲ್ಲಿ ಕೂತಾಗಿತ್ತು, ಟಿ.ವಿ.ಯ ರಿಮೋಟ್ ಮಾತ್ರ ಮೇಷ್ಟ್ರ ಕೈಗೆ ಸಿಗುತ್ತಿಲ್ಲ. ವಾರ್ತೆ ಮುಗಿಯುತ್ತಾ ಬಂದಿತ್ತು. ಇನ್ನೇನು ಆ ಸೋಪಿನ ಜಾಹೀರಾತು ಬರುತ್ತದೆ, ತಮ್ಮ ಬಂಡವಾಳ ಬಯಲಾಗುತ್ತದೆ.

ಕಣ್ಣು ಬಿಟ್ಟರೆ ಇಡೀ ಶಾಲೆ ನಡುಗುತ್ತಿದ್ದ ಗಣಿತದ ಮೇಷ್ಟ್ರು, ನಿವೃತ್ತರಾದ ಮೇಲೆ ಗದರಲು ಯಾರೂ ಸಿಗದೆ, ಗುಟ್ಟಾಗಿ ವಿಗ್ ಹಾಕಿ ಆ ಜಾಹೀರಾತಿನ ಘಟವಾಣಿ ಹೆಂಡತಿಯಾಗಿದ್ದರು. ಸೊಂಟಕ್ಕೆ ಕೈಯಿಟ್ಟು, ಬಟ್ಟೆ ಉಜ್ಜುವ ಗಂಡನನ್ನು ಕೇಳುವುದು: "ಏನ್ರೀ, ಕೊಳೆ ಹೋಯ್ತಾ?" ಗಂಡ ಗಿರಿಜಾ ಮೀಸೆ ತೀಡುತ್ತಾ ಹೇಳುವುದು: "ಹೋಯ್ತು ಕಣೇ, ಮಾನಾನೂ ಹೋಯ್ತು." ಈಗ ಮನೆಮನೆಯಲ್ಲೂ ಅದೇ ಮಾತು. ಆ ಮೀಸೆಯವರು ಯಾರೆಂದು ಮೇಷ್ಟ್ರಿಗೆ ಇಂದಿಗೂ ಗೊತ್ತಿಲ್ಲ. ವೇಷದಲ್ಲೇ ಬಂದರು, ವೇಷದಲ್ಲೇ ಹೋದರು. ಮೇಷ್ಟ್ರೂ ಅಷ್ಟೇ.

ಜಾಹೀರಾತು ಶುರುವಾಯಿತು. ಹುಡುಗನ ತಾಯಿ, ಬ್ಯಾಂಕಿನ ಮ್ಯಾನೇಜರಮ್ಮ, ಮೇಷ್ಟ್ರಿಗಿಂತ ಮೊದಲೇ ಎದ್ದು ಪ್ಲಗ್ ಕಿತ್ತರು.

"ಅಮ್ಮನಿಗೆ ಇದನ್ನ ಕಂಡ್ರೆ ಆಗಲ್ಲ," ಎಂದ ಹುಡುಗ.

"ನೋಡಿ, ನಮಗೆ ಬೇರೇನೂ ಬೇಡ," ಎಂದರು ಆಕೆ, ಗಡಸು ದನಿಯಲ್ಲಿ. "ಮರ್ಯಾದಸ್ಥರಾಗಿದ್ರೆ ಸಾಕು. ವೇಷ ಗೀಷ ನಮ್ಮನೇಲಿ ನಡೆಯಲ್ಲ."

"ನಮ್ಮಲ್ಲೂ ಅಷ್ಟೇ," ಎಂದರು ಮೇಷ್ಟ್ರು. ಮದುವೆಯಾದರೆ ಇವನನ್ನೇ ಎಂದು ಮಗಳು ಪಟ್ಟು ಹಿಡಿದಿದ್ದಳು. ತಮ್ಮಿಂದಲೇ ಈ ಸಂಬಂಧ ತಪ್ಪಿದರೆ ಅವಳ ಮುಖ ನೋಡುವುದು ಹೇಗೆ?

ಮ್ಯಾನೇಜರಮ್ಮ ಚಹಾ ಗುಟುಕರಿಸಿ, ಮೇಲ್ದುಟಿಯನ್ನು ಬೆರಳಿನಿಂದ ಅತ್ತಿತ್ತ ಒರೆಸಿಕೊಂಡರು. ಅಷ್ಟರಲ್ಲಿ ಬಿಸ್ಕತ್ತಿನ ತಟ್ಟೆ ಚಾಚಿದ ಮಗಳ ಕೈ ತಗುಲಿ, ಹುಡುಗನ ಬಿಳಿ ಅಂಗಿಯ ಮೇಲೆ ಚಹಾ ಚೆಲ್ಲಿತು. ತಾಯಿ ಕರವಸ್ತ್ರ ತೆಗೆದು ಉಜ್ಜತೊಡಗಿದರು. ಮೇಷ್ಟ್ರು ಬರೀ ಉಪಚಾರಕ್ಕೆಂದು ಬಾಯಿ ತೆರೆದರು. ಹೊರಟದ್ದು ಮಾತ್ರ ಆ ಕೀರಲು ದನಿ, ಅದೇ ರಾಗ. ಕೈ ಬೇರೆ ತಾನಾಗಿ ಸೊಂಟಕ್ಕೆ ಹೋಗಿತ್ತು.

"ಏನ್ರೀ, ಕೊಳೆ ಹೋಯ್ತಾ?"

ಮಗಳು ಅಪ್ಪನನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಮುಗಿಯಿತು ಕಥೆ ಎಂದುಕೊಂಡರು ಮೇಷ್ಟ್ರು. ಮ್ಯಾನೇಜರಮ್ಮ ಉಜ್ಜುವುದನ್ನು ನಿಲ್ಲಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೋಯ್ತು ಕಣೇ," ಎಂದರು ಆಕೆ, ಇಲ್ಲದ ಗಿರಿಜಾ ಮೀಸೆಯನ್ನು ತೀಡುತ್ತಾ, "ಮಾನಾನೂ ಹೋಯ್ತು."