ಚಿಕ್ಕ ಆಂಪ್

“ಕಮ್ಮಿ ರೇಟಿಂದು, ಚಿಕ್ಕದೇ ಸಾಕಣ್ಣ. ಸದ್ದು ಜೋರಾದ್ರೆ ಅಮ್ಮಂಗೆ ತೊಂದ್ರೆ,” ಎನ್ನುತ್ತಾ ಹಂಸವೇಣಿ ತನ್ನ ಎಲೆಕ್ಟ್ರಿಕ್ ಗಿಟಾರಿನ ವೈರನ್ನು ಚಿಂತಾಮಣಿಯ ಸಂಗೀತ ವಾದ್ಯಗಳ ಅಂಗಡಿಯೊಂದರ ಅತಿ ಪುಟ್ಟ ಸ್ಪೀಕರ್ ಪೆಟ್ಟಿಗೆಗೆ, ಆಂಪ್‌ಗೆ, ಚುಚ್ಚಿದಳು. ಇಪ್ಪತ್ತು ವರ್ಷದಿಂದ ರೇಷ್ಮೆ ನೂಲು ತೆಗೆಯುವ ಮೆಷಿನ್ನುಗಳ ಗದ್ದಲದಲ್ಲೇ ದುಡಿಯುತ್ತಿದ್ದ ತಾಯಿ ಮುನಿರತ್ನಮ್ಮ ಅವಳಿಗೆ ಬೆನ್ನು ಮಾಡಿ, ಗೋಡೆಗೆ ತೂಗುಹಾಕಿದ್ದ ಗಿಟಾರುಗಳನ್ನು ನೋಡುತ್ತಿದ್ದಳು.

ಹಂಸವೇಣಿ ತಂತಿ ಮೀಟಿದಳು. ಯಾರೋ ವಾಲ್ಯೂಮ್ ಪೂರ್ತಿ ಏರಿಸಿಟ್ಟಿದ್ದರು. ಗಾಜಿನ ಕಪಾಟು ಗಡಗಡ ನಡುಗಿತು. ಅಂಗಡಿಯವನು ಎರಡೂ ಕಿವಿ ಮುಚ್ಚಿಕೊಂಡ. ಅವಳು ಗಾಬರಿಯಿಂದ ತಂತಿಗಳ ಮೇಲೆ ಅಂಗೈ ಒತ್ತಿದಳು.

ಆಮೇಲೆ ಮುನಿರತ್ನಮ್ಮ ನಿಧಾನವಾಗಿ ಇತ್ತ ತಿರುಗಿದಳು.

“ಯಾಕಮ್ಮ ಸುಮ್ನೆ ನಿಂತಿದ್ದೀಯ? ಒಂಚೂರು ಬಾರ್ಸಿ ನೋಡು.”

ಉತ್ತರಕ್ಕೆ ಕಾಯುತ್ತಾ ಅಮ್ಮನ ಕಣ್ಣು, ಎಂದಿನಂತೆ, ಹಂಸವೇಣಿಯ ತುಟಿಯ ಮೇಲೆಯೇ ನಿಂತಿತ್ತು.