ನಾಲ್ಕನೆಯ ನಕ್ಷತ್ರ

ಡ್ಯಾರೆನ್‌ನ ಹೆಸರಿನ ಮುಂದಿದ್ದ ನಾಲ್ಕನೆಯ ನಕ್ಷತ್ರವನ್ನು ಅಳಿಸಲು ವಿಜಯೇಂದ್ರ ಮೌಸ್ ಮೇಲೆ ಬೆರಳಿಟ್ಟ. ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಆಟಗಾರರಿಗೆ ಆಟ ನೋಡಿ ನಕ್ಷತ್ರ ಕೊಡುವ ವೆಬ್‌ಸೈಟಿನಲ್ಲಿ ಅವನಿಗೆ ಕೆಲಸ. ದೊಡ್ಡ ಕಾಲೇಜು ತನ್ನ ತಂಡಕ್ಕೆ ಕರೆದರೆ ನಕ್ಷತ್ರ ಏರುತ್ತದೆ, ಸಣ್ಣ ಕಾಲೇಜಿಗೆ ಹೋದರೆ ಇಳಿಯುತ್ತದೆ; ಅಲ್ಲಿನ ವಾಡಿಕೆಯೇ ಅದು. ಅಮೆರಿಕದ ವುಡಿನ್‌ವಿಲ್ ಊರಿನ ಡ್ಯಾರೆನ್ ಬೆಳಿಗ್ಗೆಯಷ್ಟೇ ಸಣ್ಣದೊಂದು ಕಾಲೇಜನ್ನು ಆರಿಸಿಕೊಂಡಿದ್ದ. ಆ ನಕ್ಷತ್ರ ಉಳಿದರೆ ಆ ಕಾಲೇಜಿನ ತಂಡವೂ ಮೊದಲ ಸಲ ನಾಲ್ಕು ಜನರ ಕಣ್ಣಿಗೆ ಬೀಳುತ್ತಿತ್ತು.

ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿದ್ದ ತಾಯಿ ಪಾರ್ವತೆವ್ವ ಪರದೆಯಲ್ಲಿದ್ದ ಹುಡುಗನನ್ನು ಗುರುತಿಸಿದರು. ನಿನ್ನೆ ಮಗನ ಜೊತೆ ಹೋಗಿ, ಆ ಹುಡುಗನ ಆಟ ನೋಡಿ ಚಪ್ಪಾಳೆ ಹೊಡೆದು ಬಂದಿದ್ದರು.

“ಯಾಕೋ ತಮ್ಮಾ, ಅಷ್ಟ ಚಂದ ಆಡಿದವನ ಚುಕ್ಕಿ ಕೀಳಾಕತ್ತಿಯಲ್ಲ? ಇವತ್ತ ಕೆಟ್ಟ ಆಡಿದನೇನು?”

“ಇವತ್ತ ಆಟಾನ ಇರಲಿಲ್ಲಬೇ,” ಎಂದ ವಿಜಯೇಂದ್ರ.

ಆ ಮಾತು ತನ್ನ ಕಿವಿಗೇ ಬಿದ್ದಾಗ ಅವನ ಬೆರಳು ಮೌಸಿನಿಂದ ಮೇಲೆದ್ದಿತ್ತು.