ಗುಳಿಗೆಗೆ ಹೋದವನು ಖಾರ ತಂದ

ಗುಳಿಗೆ ತರಲು ಸವಣೂರಿಗೆ ಹೋಗಿದ್ದ ಶರಣು ಆ ಊರಿನ ಹೆಸರಾಂತ ಕುರುಕಲು ತಿಂಡಿ ಖಾರದ ಒಂದು ಪೊಟ್ಟಣ ತಂದು ಹೆಂಡತಿಯ ಮುಂದಿಟ್ಟ.

“ಔಷಧ ಅಂಗಡ್ಯಾಗ ಉಳವಪ್ಪ ಕಾಕಾ ಕುಂತಿದ್ದ. ಅವನ ಮುಂದ ಬಸರ ತಡ್ಯೂ ಗುಳಿಗಿ ಹೆಂಗ ಕೇಳ್ಲಿ?”

“ರಾತ್ರಿ ಈ ನಾಚಿಕಿ ಎಲ್ಲಿಟ್ಟಿದ್ರಿ?” ಪೂಜಾ ಪೊಟ್ಟಣವನ್ನು ಆಚೆ ಸರಿಸಿದಳು. “ಮುಂದಿನ ತಿಂಗಳ ಪೊಲೀಸ್ ನೇಮಕಾತಿ ಓಟ ಐತಿ. ಬಸರಾದ್ರ ಓಡಾಕ ಬಿಡೂದಿಲ್ಲ. ಮುಂದಿನ ಸರ್ತಿ ಅಂದ್ರ ನನ್ನ ವಯಸ್ಸು ದಾಟಿರ್ತೈತಿ.”

ಪಡಸಾಲೆಯಲ್ಲಿ ವೀಳ್ಯದೆಲೆ ಜೋಡಿಸುತ್ತಿದ್ದ ಅತ್ತೆ ಶಿವಬಸವ್ವನ ಕಿವಿಗೆ ಇದು ಬೀಳಬಾರದಿತ್ತು, ಬಿತ್ತು. ಶಿವಬಸವ್ವ ವಿಚಿತ್ರ ಹೆಂಗಸು. ತಿಂಗಳು ತಿಂಗಳು ಸೊಸೆ ಮುಟ್ಟಾದಾಗ ಮುಖ ಗಂಟು ಹಾಕಿಕೊಳ್ಳುವವಳೂ ಅವಳೇ, ನಸುಕಿನಲ್ಲಿ ಸೊಸೆ ಓಡುವಾಗ ನಾಯಿ ಬೆದರಿಸಲು ಕೋಲು ಹಿಡಿದು ದಾರಿಯಲ್ಲಿ ನಿಲ್ಲುವವಳೂ ಅವಳೇ. ಇವತ್ತು ಯಾವ ಶಿವಬಸವ್ವ ಎದ್ದು ಬರುತ್ತಾಳೋ ಎಂದು ಪೂಜಾ ಪಡಸಾಲೆಯ ಕಡೆ ನೋಡಿದಳು.

ಶಿವಬಸವ್ವ ಸೆರಗು ಸಿಕ್ಕಿಸಿ ಎದ್ದಳು. “ಗಾಡಿ ತಗಿಯೋ ಶರಣ್ಯಾ. ಖಾರ ತಂದ ಶೂರ! ಗುಳಿಗಿ ನಾ ತರ್ತೇನಿ.”

ಅಂಗಡಿಯಲ್ಲಿ ಉಳವಪ್ಪ ಇನ್ನೂ ಕುಳಿತೇ ಇದ್ದ. ಶಿವಬಸವ್ವ ಅವನನ್ನು ಕಂಡೂ ದನಿ ತಗ್ಗಿಸಲಿಲ್ಲ. “ತಮ್ಮಾ ರೆಹಾನ, ನಿನ್ನಿ ರಾತ್ರಿ ನಮ್ಮ ಹುಡುಗರು ಎಚ್ಚರ ತಪ್ಪ್ಯಾರ. ಬಸರ ನಿಲ್ಲದಂಗ ಗುಳಿಗಿ ಕೊಡು.”

ಅಂಗಡಿಯ ರೆಹಾನ ಒಮ್ಮೆ ಕೆಮ್ಮಿದ. “ಒಂದ ಗುಳಿಗಿರಿ ಅವ್ವಾ. ಮೂರು ದಿನದೊಳಗ ನಡಿತೈತಿ, ಆದ್ರ ಲಗೂ ತಗೊಂಡಷ್ಟು ಛಲೋ. ಮುಟ್ಟು ಒಂದು ವಾರ ತಡಾದ್ರ ತಪಾಸ ಮಾಡಸ್ರಿ. ಪ್ರತಿ ಸರ್ತಿ ಇದನ್ನ ನಂಬಬ್ಯಾಡ್ರಿ, ಬ್ಯಾರೆ ಉಪಾಯ ಅದಾವು, ದವಾಖಾನ್ಯಾಗ ಕೇಳ್ರಿ.” ಹೇಳುತ್ತಲೇ ಅದನ್ನು ಕಾಗದದಲ್ಲಿ ಸುತ್ತತೊಡಗಿದ.

“ಸುತ್ತಬ್ಯಾಡ. ಕದ್ದ ಮಾಲೇನು?”

ಉಳವಪ್ಪನಿಗೆ ತಡೆಯಲಾಗಲಿಲ್ಲ. “ಏನ್ರಿ ಅತ್ತಿಗಿ, ನಿಮಗ ಮೊಮ್ಮಗ ಬ್ಯಾಡನು?”

“ಬೇಕೋ ಮೈದುನಾ, ಎರಡು ಬೇಕು. ಪೊಲೀಸವ್ವನ ಹೊಟ್ಟ್ಯಾಗ ಹುಟ್ಟಲಿ, ಅವಸರೇನೈತಿ?”

ಅಂಗಡಿಯ ಹೊರಗೆ ನೆಲ ನೋಡುತ್ತ ನಿಂತಿದ್ದ ಶರಣು ಆ ಮಾತಿಗೆ ತಲೆಯೆತ್ತಿದ.

ಪೂಜಾ ಗುಳಿಗೆ ನುಂಗಿದಳು. ಆಮೇಲಿನ ದಿನಗಳಲ್ಲಿ ಅವಳಿಗೆ ಊಟ ರುಚಿಸಲಿಲ್ಲ, ಓಟವನ್ನು ಮಾತ್ರ ತಪ್ಪಿಸಲಿಲ್ಲ. ಕೊನೆಗೊಂದು ಮುಂಜಾನೆ ಬಚ್ಚಲಿನಿಂದ ಬಂದು, “ಅತ್ತೀ, ಮುಟ್ಟಾಗೇನಿ” ಎಂದಳು. ಹೇಳುವಾಗ ಅವಳ ಕಣ್ಣು ತುಂಬಿ ಬಂದಿತ್ತು.

ಗಂಟು ಬೀಳಬೇಕಾಗಿದ್ದ ಮುಖ ಅರಳಿತು. ಶಿವಬಸವ್ವ ಗೂಡಿನಲ್ಲಿಟ್ಟಿದ್ದ ಖಾರದ ಪೊಟ್ಟಣ ಬಿಚ್ಚಿ, ಪೇಡೆ ಹಂಚುವವಳ ಹಾಗೆ ಓಣಿಯ ಮನೆಮನೆಗೂ ಒಂದೊಂದು ಹಿಡಿ ಕೊಟ್ಟು ಬಂದಳು. ಏನು ವಿಶೇಷ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ:

“ನಮ್ಮ ಸೊಸಿ ಓಡ್ತಾಳ.”